ಗಡಿ ದಾಟಿ ಬಂದ ಗ್ರಹಗಳು

ಆಕಾಶದಲ್ಲಿ ವಿಚಿತ್ರ ಬೆಳಕು ಕಂಡಿತೆಂಬ ಸುದ್ದಿ ನಮ್ಮ ಪತ್ರಿಕೆಗಳಿಗಾಗಲಿ ಟಿವಿ ವಾಹಿನಿಗಳಿಗಾಗಲಿ ಹೊಸತಲ್ಲ. ಮೊದಲ ದಿನ ಅದು ದೊಡ್ಡ ತಲೆಬರಹದಲ್ಲಿ ಬರುತ್ತದೆ. ಎರಡನೆಯ ದಿನ ಅದರ ಮೇಲೆ ಚರ್ಚೆ ನಡೆಯುತ್ತದೆ. ಮೂರನೆಯ ದಿನ ಮರೆತುಹೋಗುತ್ತದೆ. ಆ ಬೆಳಕು ನಿಜವಾಗಿ ಏನಾಗಿತ್ತು ಎಂಬ ಉತ್ತರ ಎಂದಾದರೂ ಸಿಕ್ಕರೆ, ಅದು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಪ್ರಶ್ನೆಯನ್ನು ಓದಿದವರೆಲ್ಲ ಉತ್ತರವನ್ನು ಓದಿರುವುದಿಲ್ಲ. ಹಾಗಾಗಿ ಜನರ ಮನಸ್ಸಿನಲ್ಲಿ ಪ್ರಶ್ನೆ ಮಾತ್ರ ಉಳಿದು, ಕಾಲಕ್ರಮದಲ್ಲಿ ಅದೇ ಉತ್ತರವಾಗಿ ಬಿಡುತ್ತದೆ.

ಇಂಥ ಸುದ್ದಿಗಳ ಪೈಕಿ ನಾವು ಮತ್ತೊಮ್ಮೆ ಓದಿ ನೋಡಬೇಕಾದದ್ದು 2012ರ ಲಡಾಖ್ ಬೆಳಕುಗಳ ಸುದ್ದಿ. ಏಕೆಂದರೆ ಇದರಲ್ಲಿ ಪ್ರಶ್ನೆ ಮತ್ತು ಉತ್ತರ ಎರಡೂ ದಾಖಲಾಗಿವೆ. ಉತ್ತರ ಹುಡುಕಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಒಂದು ಬೆಳಕು ಹೇಗೆ ಸುದ್ದಿಯಾಗುತ್ತದೆ, ಆ ಸುದ್ದಿ ಹೇಗೆ ಸಂಶಯವಾಗುತ್ತದೆ, ಸಂಶಯವು ಯಾವ ದಾರಿಯಿಂದ ಅರಿವಾಗಿ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲಿ ಸಿಗಲಾರದು.

ಮೊದಲ ಸುದ್ದಿ ಹೊರಬಿದ್ದದ್ದು 2012ರ ನವೆಂಬರ್‌ನಲ್ಲಿ. ಪಾಂಗಾಂಗ್ ಸರೋವರದ ಬಳಿಯ ಥಾಕುಂಗ್ ಎಂಬಲ್ಲಿ ಪಹರೆಯಲ್ಲಿದ್ದ ಇಂಡೋ-ಟಿಬೆಟನ್ ಗಡಿ ಪೊಲೀಸರೂ ಸೈನಿಕರೂ ಆಕಾಶದಲ್ಲಿ ಹಳದಿ ಬಣ್ಣದ ಗೋಳಗಳನ್ನು ಕಂಡಿದ್ದರು. ಅವು ಚೀನಾದ ಕಡೆಯ ದಿಗಂತದಿಂದ ಮೇಲೇಳುತ್ತಿದ್ದವು, ಮೂರರಿಂದ ಐದು ಗಂಟೆಗಳ ಕಾಲ ನಿಧಾನವಾಗಿ ಆಕಾಶದಲ್ಲಿ ಸಾಗಿ ಮಾಯವಾಗುತ್ತಿದ್ದವು. ಆಗಸ್ಟ್ 1ರಿಂದ ಅಕ್ಟೋಬರ್ 15ರೊಳಗೆ ನೂರಕ್ಕೂ ಹೆಚ್ಚು ಬಾರಿ ಹೀಗೆ ಕಂಡಿತ್ತು. ಸೇನೆ ಬೆಟ್ಟದ ಮೇಲಕ್ಕೆ ರೇಡಾರ್ ಸಾಗಿಸಿತು. ಕಣ್ಣಿಗೆ ಕಾಣುತ್ತಿದ್ದ ಬೆಳಕು ರೇಡಾರಿಗೆ ಸಿಗಲಿಲ್ಲ. ರೇಡಿಯೋ ತರಂಗಗಳನ್ನು ಪತ್ತೆ ಮಾಡುವ ಉಪಕರಣ ತಂದರು, ಯಾವ ಸಂಕೇತವೂ ಕೇಳಲಿಲ್ಲ. ಬೆಳಕಿನ ದಿಕ್ಕಿಗೆ ಒಂದು ಡ್ರೋನ್ ಹಾರಿಸಿದರು, ಅದು ತನ್ನ ಗರಿಷ್ಠ ಎತ್ತರ ತಲುಪಿಯೂ ಬೆಳಕನ್ನು ಹಿಡಿಯಲಾಗಲಿಲ್ಲ.

ಈ ವರದಿಯನ್ನು ಇಂದು ಓದುವಾಗ ಎದ್ದು ಕಾಣುವುದು ಅದರ ತರ್ಕದ ದಾರಿ. ರೇಡಾರಿಗೆ ಸಿಗಲಿಲ್ಲ ಎಂದಾಗ ‘ಹಾಗಾದರೆ ಅದು ಲೋಹದ ವಸ್ತುವಲ್ಲ’ ಎಂಬ ತೀರ್ಮಾನಕ್ಕೆ ಬರಲಾಯಿತು. ಡ್ರೋನ್ ಮುಟ್ಟಲಿಲ್ಲ ಎಂದಾಗ ‘ಹಾಗಾದರೆ ಅದು ಇನ್ನೂ ಮೇಲೆ ಹಾರುತ್ತಿದೆ’ ಎಂದಾಯಿತು. ಹೀಗೆ ಪ್ರತಿಯೊಂದು ಸೋಲೂ ಆ ವಸ್ತುವಿನ ಸಾಮರ್ಥ್ಯದ ಪುರಾವೆಯಾಗುತ್ತ ಹೋಯಿತು. ಬೆಳಕು ನಮ್ಮ ಉಪಕರಣಗಳಿಗೆ ಎಟುಕದಷ್ಟು ದೂರದಲ್ಲಿ ಇರಬಹುದೇ ಎಂಬ ಸರಳ ಪ್ರಶ್ನೆ ತಲೆಬರಹಗಳಲ್ಲಿ ಎಲ್ಲಿಯೂ ಬರಲಿಲ್ಲ. ಬಂದದ್ದು ಎರಡೇ ಸಾಧ್ಯತೆಗಳು: ಒಂದೋ ಚೀನಾದ ಬೇಹುಗಾರಿಕೆ, ಇಲ್ಲವೇ ಅನ್ಯಗ್ರಹದ ಹಾರುವ ತಟ್ಟೆ. ಒಬ್ಬ ವೈರಿ, ಮತ್ತೊಬ್ಬ ಅಪರಿಚಿತ. ಎರಡೂ ಪತ್ರಿಕೆ ಮಾರಬಲ್ಲ ಸಾಧ್ಯತೆಗಳೇ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಇದೇ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಖಗೋಳತಜ್ಞರು ಸೆಪ್ಟೆಂಬರ್‌ನಲ್ಲಿ ಮೂರು ದಿನ ಅಧ್ಯಯನ ನಡೆಸಿ, ಇವು ಗ್ರಹಗಳೂ ಅಲ್ಲ, ಉಲ್ಕೆಗಳೂ ಅಲ್ಲ ಎಂದಿದ್ದಾರೆಂದು ನವೆಂಬರ್‌ನ ಸುದ್ದಿಯಲ್ಲಿ ಬರೆಯಲಾಗಿತ್ತು. ಅದನ್ನು ಹೇಳಿದ್ದು ಖಗೋಳತಜ್ಞರಲ್ಲ, ಸೇನಾಧಿಕಾರಿಗಳು. ವಿಜ್ಞಾನಿಯ ಮಾತು ವಿಜ್ಞಾನಿಯ ಬಾಯಿಂದ ಬರದೆ ಮತ್ತೊಬ್ಬರ ಮೂಲಕ ಬಂದಾಗ ಅದಕ್ಕೆ ಎಷ್ಟು ತೂಕ ಕೊಡಬೇಕು? ಹದೀಸ್ ಶಾಸ್ತ್ರವನ್ನು ಸ್ವಲ್ಪವಾದರೂ ಬಲ್ಲ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಮಾತು ಯಾರದು ಎಂಬುದರ ಜೊತೆಗೆ ಅದು ಯಾರ ಮೂಲಕ ನಮಗೆ ತಲುಪಿತು ಎಂದು ಕೇಳುವುದೇ ಆ ಶಾಸ್ತ್ರದ ಮೊದಲ ಪಾಠ. ವರದಿಗಳು ಈ ಪಾಠವನ್ನು ಪಾಲಿಸಲಿಲ್ಲ.

ಎರಡನೆಯ ಸುದ್ದಿ 2013ರ ಜುಲೈಯಲ್ಲಿ ಬಂತು. ಆಗಸ್ಟ್‌ನಿಂದ ಫೆಬ್ರವರಿವರೆಗೆ ಕಾವಲು ಸೈನಿಕರು 329 ಬಾರಿ ಇಂಥ ಬೆಳಕುಗಳನ್ನು ದಾಖಲಿಸಿದ್ದರು. ಅವುಗಳಲ್ಲಿ 155 ನೈಜ ನಿಯಂತ್ರಣ ರೇಖೆಯನ್ನು ದಾಟಿ ಬಂದಿದ್ದವೆಂದೂ ಬರೆದಿದ್ದರು. ಸೇನೆ ಕೊನೆಗೆ ಖಗೋಳ ಭೌತವಿಜ್ಞಾನ ಸಂಸ್ಥೆಯ ನೆರವು ಕೋರಿತು. ಬೆಳಕು ಎಷ್ಟು ಹೊತ್ತಿಗೆ ಕಂಡಿತು, ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿದರೆ ಅದು ಹೇಗೆ ಚಲಿಸಿತು ಎಂಬುದನ್ನು ಸೈನಿಕರು ಗುರುತು ಹಾಕಿಕೊಂಡರು. ಆ ಟಿಪ್ಪಣಿಗಳನ್ನು ನೋಡಿದ ವಿಜ್ಞಾನಿಗಳಿಗೆ ಉತ್ತರ ಸಿಕ್ಕಿತು. ಒಂದು ಗುರು, ಮತ್ತೊಂದು ಶುಕ್ರ. ಸಂಸ್ಥೆಯ ತುಷಾರ್ ಪ್ರಭು ಅವರು ಇದನ್ನು ಪತ್ರಿಕೆಗೆ ವಿವರಿಸಿದರು. ಎತ್ತರದ ತಿಳಿಗಾಳಿಯಲ್ಲಿ ಗ್ರಹಗಳು ಹೆಚ್ಚು ಪ್ರಕಾಶಮಾನವಾಗಿ ಕಾಣುತ್ತವೆ ಎಂಬುದನ್ನೂ ತಿಳಿಸಿದರು.

ಆ ತಿಂಗಳುಗಳ ಆಕಾಶವನ್ನು ಈಗ ಲೆಕ್ಕ ಹಾಕಿ ನೋಡಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ. 2012ರ ಆಗಸ್ಟ್ 15ರಂದು ಶುಕ್ರ ಬೆಳಗಿನ ಆಕಾಶದಲ್ಲಿ ಸೂರ್ಯನಿಂದ ಗರಿಷ್ಠ ದೂರದಲ್ಲಿತ್ತು. ನಮ್ಮ ಹಳ್ಳಿಗಳಲ್ಲಿ ‘ಬೆಳ್ಳಿ ಮೂಡಿತು’ ಎನ್ನುತ್ತಾರಲ್ಲ, ಅದೇ ಬೆಳ್ಳಿ. ಸೂರ್ಯೋದಯಕ್ಕೆ ಮೂರು ಗಂಟೆಗೂ ಮೊದಲು ಪೂರ್ವದಲ್ಲಿ ಮೂಡಿ, ಬೆಳಕು ಹರಿಯುವವರೆಗೂ ಮೇಲೇರುತ್ತಿತ್ತು. ಗುರುವು ಆಗಸ್ಟ್‌ನಲ್ಲಿ ನಡುರಾತ್ರಿಯ ಸುಮಾರಿಗೆ ಮೂಡುತ್ತಿದ್ದು, ತಿಂಗಳು ಕಳೆದಂತೆ ಬೇಗ ಬೇಗನೆ ಕಾಣಿಸಿಕೊಳ್ಳತೊಡಗಿತು. ಡಿಸೆಂಬರ್ 3ರಂದು ಅದು ಸೂರ್ಯನಿಗೆ ನೇರ ಎದುರಿನಲ್ಲಿತ್ತು. ಅಂದರೆ ಸೂರ್ಯ ಮುಳುಗುವಾಗ ಮೂಡಿ ಇಡೀ ರಾತ್ರಿ ಆಕಾಶದಲ್ಲಿರುತ್ತಿತ್ತು. ಅಷ್ಟಾಗಿಯೂ ಅದು ಭೂಮಿಯಿಂದ ಸುಮಾರು 60 ಕೋಟಿ ಕಿಲೋಮೀಟರ್ ದೂರ. ಶುಕ್ರ ಆಗಸ್ಟ್‌ನಲ್ಲಿ ಹತ್ತು ಕೋಟಿ ಕಿಲೋಮೀಟರಿಗೂ ಆಚೆ. ಬೆಟ್ಟದ ಮೇಲಿನ ರೇಡಾರಿಗೆ ಅವು ಸಿಗದಿದ್ದುದರಲ್ಲಿ ಆಶ್ಚರ್ಯವೇನಿದೆ?

ಹಾಗಾದರೆ ಬೆಳಕು ಚೀನಾದ ಕಡೆಯಿಂದಲೇ ಏಕೆ ಬರುತ್ತಿತ್ತು? ಪಾಂಗಾಂಗಿನಲ್ಲಿ ಚೀನಾ ಇರುವುದು ಪೂರ್ವಕ್ಕೆ. ಸೂರ್ಯ, ಚಂದ್ರ, ಗ್ರಹಗಳು, ಹೆಚ್ಚಿನ ನಕ್ಷತ್ರಗಳು ಎಲ್ಲವೂ ಮೂಡುವುದು ಪೂರ್ವದಲ್ಲೇ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಆಕಾಶದ ವಸ್ತುಗಳೆಲ್ಲ ಗಂಟೆಗೆ ಸುಮಾರು 15 ಡಿಗ್ರಿಯಂತೆ ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ. ಆ ಲೆಕ್ಕದಲ್ಲಿ ಪ್ರತಿರಾತ್ರಿ ಇಡೀ ಆಕಾಶವೇ ನೈಜ ನಿಯಂತ್ರಣ ರೇಖೆಯನ್ನು ದಾಟಿ ಭಾರತದೊಳಗೆ ಬರುತ್ತದೆ! 155 ಅತಿಕ್ರಮಣಗಳ ಲೆಕ್ಕ ಬಂದದ್ದು ಹೀಗೆ.

ಇದನ್ನು ಪತ್ತೆ ಹಚ್ಚಲು ದೊಡ್ಡ ದೂರದರ್ಶಕವೇನೂ ಬೇಕಿರಲಿಲ್ಲ. ನಕ್ಷತ್ರಗಳು ಪ್ರತಿದಿನ ಹಿಂದಿನ ದಿನಕ್ಕಿಂತ ಸುಮಾರು ನಾಲ್ಕು ನಿಮಿಷ ಬೇಗ ಮೂಡುತ್ತವೆ. ಎದುರು ಬದಿಗೆ ಬರುತ್ತಿರುವ ಗುರುವೂ ಹೆಚ್ಚುಕಡಿಮೆ ಹಾಗೆಯೇ. ಯಾವ ಶತ್ರುವೂ ತನ್ನ ಡ್ರೋನನ್ನು ದಿನಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಹಿಂದಕ್ಕೆ ತಂದು ತಿಂಗಳುಗಟ್ಟಲೆ ಹಾರಿಸಲಾರ. ಇನ್ನೂ ಒಂದು ಸುಲಭದ ಗುರುತಿತ್ತು. ಆ ಋತುವಿನಲ್ಲಿ ಗುರು ಇದ್ದದ್ದು ವೃಷಭ ರಾಶಿಯಲ್ಲಿ, ರೋಹಿಣಿ ನಕ್ಷತ್ರದ ಸಮೀಪದಲ್ಲಿ. ಕೆಂಪಗೆ ಮಿನುಗುವ ಈ ನಕ್ಷತ್ರವನ್ನು ಅರಬರು ಅಲ್-ದಬರಾನ್ ಎಂದು ಕರೆದರು. ಹಿಂಬಾಲಿಸುವಂಥದ್ದು ಎಂದರ್ಥ. ಕೃತ್ತಿಕೆಯ ಗೊಂಚಲನ್ನು ಅದು ರಾತ್ರಿಯಿಡೀ ಹಿಂಬಾಲಿಸುತ್ತದೆ. ಇಂದಿಗೂ ಜಗತ್ತಿನ ಖಗೋಳತಜ್ಞರು ಬಳಸುವುದು ಆ ಅರಬಿ ಹೆಸರನ್ನೇ. ಅನುಮಾನದ ಬೆಳಕು ಸಂಜೆಯಿಂದ ಬೆಳಗಿನವರೆಗೆ ರೋಹಿಣಿಯ ಜೊತೆಯನ್ನು ಬಿಡದೆ ಸಾಗುತ್ತಿದೆಯೇ ಎಂದು ಒಂದು ರಾತ್ರಿ ನೋಡಿದ್ದರೆ ಸಾಕಿತ್ತು. ಬೆಂಗಳೂರಿನ ವಿಜ್ಞಾನಿಗಳು ಕೇಳಿದ್ದೂ ಇಂಥದೇ ಸರಳ ಪ್ರಶ್ನೆಯನ್ನು.

ಉತ್ತರ ಹೊರಬಿದ್ದಾಗ ಮಾಧ್ಯಮಗಳ ವರ್ತನೆ ಹೇಗಿತ್ತು? ಬೆದರಿಸುವ ತಲೆಬರಹಗಳ ಜಾಗದಲ್ಲಿ ನಗೆಯಾಡುವ ತಲೆಬರಹಗಳು ಬಂದವು. ದೇಶವಿದೇಶಗಳಲ್ಲಿ ನಮ್ಮ ಸೈನಿಕರು ಹಾಸ್ಯದ ವಸ್ತುವಾದರು. ಇದೂ ಅನ್ಯಾಯವೇ. 4,200 ಮೀಟರಿಗೂ ಎತ್ತರದ ಜಾಗದಲ್ಲಿ, ಮೈ ಕೊರೆಯುವ ಚಳಿಯಲ್ಲಿ, ಎದುರಿನಿಂದ ಏನು ಬರುತ್ತದೋ ಎಂದು ಕಾದು ಕುಳಿತವನಿಗೆ ಸಂಶಯವೇ ಕೆಲಸ. ಆ ಗಡಿಯಲ್ಲಿ ಸಂಶಯಕ್ಕೆ ಕಾರಣವೂ ಇತ್ತು. 2013ರ ಏಪ್ರಿಲ್‌ನಲ್ಲಿ ದೆಪ್ಸಾಂಗ್‌ನಲ್ಲಿ ಚೀನಾದ ಸೈನಿಕರು ಡೇರೆ ಹಾಕಿ ಕುಳಿತಿದ್ದರು. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಆಕಾಶದ ಬೆಳಕನ್ನು ತಪ್ಪಾಗಿ ಗುರುತಿಸಿದ ಸೈನಿಕ ಸುಳ್ಳು ಹೇಳಿರಲಿಲ್ಲ. ಅವನು ಬೆಳಕನ್ನು ಕಂಡದ್ದು ನಿಜ, ಸಮಯ ಬರೆದುಕೊಂಡದ್ದೂ ನಿಜ. ಆ ಟಿಪ್ಪಣಿಗಳಿಲ್ಲದಿದ್ದರೆ ವಿಜ್ಞಾನಿಗಳಿಗೆ ಉತ್ತರವೂ ಸಿಗುತ್ತಿರಲಿಲ್ಲ.

ಕಂಡದ್ದು ನಿಜ, ಆದರೆ ಕಂಡದ್ದಕ್ಕೆ ಕೊಟ್ಟ ಹೆಸರು ನಿಜವಲ್ಲ. ಈ ವ್ಯತ್ಯಾಸವನ್ನು ಅರಿಯುವುದು ಮುಸ್ಲಿಮರಿಗೆ ಕಷ್ಟವಾಗಬಾರದು. ಆಕಾಶದ ಒಂದು ಬೆಳಕಿನ ಬಗ್ಗೆ ಸಾಕ್ಷ್ಯ ಕೇಳಿ ತೀರ್ಮಾನಿಸುವ ಪರಂಪರೆ ನಮ್ಮಲ್ಲಿ ಹದಿನಾಲ್ಕು ಶತಮಾನಗಳಿಂದ ಇದೆ. ರಮಝಾನ್ ಮತ್ತು ಈದ್‌ಗಳ ಬಾಲಚಂದ್ರನನ್ನು ಕಂಡೆವೆಂದು ಬಂದವರನ್ನು ಖಾಝಿಗಳು ಪ್ರಶ್ನಿಸುತ್ತಾರೆ. ಎಲ್ಲಿ ನಿಂತಿದ್ದಿರಿ? ಎಷ್ಟು ಹೊತ್ತಿಗೆ ಕಂಡಿರಿ? ದಿಗಂತದಿಂದ ಎಷ್ಟು ಮೇಲಿತ್ತು? ಕೊಂಬುಗಳು ಯಾವ ಕಡೆಗಿದ್ದವು? ನಿಮ್ಮೊಂದಿಗೆ ಬೇರೆ ಯಾರು ನೋಡಿದರು? ಈ ಪ್ರಶ್ನೆಗಳನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಹಳೆಯ ಚರಿತ್ರೆಕಾರರು ಹೇಳುವ ಒಂದು ಪ್ರಸಂಗವಿದೆ. ಪ್ರವಾದಿ(ಸ)ಯವರ ಅನುಚರರಾದ ಹ. ಅನಸ್ ಬಿನ್ ಮಾಲಿಕ್(ರ)ರಿಗೆ ಆಗ ನೂರರ ಹತ್ತಿರದ ಪ್ರಾಯ. ಚಂದ್ರನನ್ನು ನೋಡಲು ಜನ ಸೇರಿದ್ದಾಗ ಅವರು, ಅಗೋ ಅಲ್ಲಿದೆ ಎಂದು ಬೆರಳು ತೋರಿಸಿದರು. ಬೇರಾರಿಗೂ ಕಾಣಲಿಲ್ಲ. ಮುಂದೆ ಬಸ್ರಾದ ಖಾಝಿಯಾಗಿ ಹೆಸರಾದ ಇಯಾಸ್ ಬಿನ್ ಮುಆವಿಯಾ ಅಲ್ಲಿದ್ದರು. ಹಿರಿಯರ ಹುಬ್ಬಿನ ಬಿಳಿಗೂದಲೊಂದು ಬಾಗಿ ಕಣ್ಣಿನ ಮುಂದೆ ಇಳಿದಿರುವುದನ್ನು ಅವರು ಗಮನಿಸಿದರು. ಅದನ್ನು ಮೆಲ್ಲನೆ ಸರಿಪಡಿಸಿ, ಈಗ ಚಂದ್ರ ಎಲ್ಲಿದೆ ತೋರಿಸಿ ಎಂದು ಕೇಳಿದರು. ಅನಸ್(ರ) ನೋಡಿದರು, ಈಗ ಕಾಣುತ್ತಿಲ್ಲ ಎಂದರು. ಈ ಪ್ರಸಂಗದಲ್ಲಿ ಇಯಾಸ್ ಹಿರಿಯರನ್ನು ಸುಳ್ಳುಗಾರರೆನ್ನಲಿಲ್ಲ, ನಗಲೂ ಇಲ್ಲ. ಹಾಗೆಂದು ಅವರ ಹಿರಿತನಕ್ಕೆ ಮಣಿದು ಇಲ್ಲದ ಚಂದ್ರನನ್ನು ಒಪ್ಪಿಕೊಳ್ಳಲೂ ಇಲ್ಲ. ವಿಚಾರಣೆ ಎಂದರೆ ಇದು. ಬಸ್ರಾದಲ್ಲೇ ಹುಟ್ಟಿದ ಇಬ್ನುಲ್ ಹೈಥಮ್ 11ನೆಯ ಶತಮಾನದಲ್ಲಿ ದೃಷ್ಟಿಶಾಸ್ತ್ರದ ಮೇಲೆ ಮಹಾಗ್ರಂಥ ಬರೆದಾಗ, ಕಣ್ಣು ಹೇಗೆ ಮೋಸ ಹೋಗುತ್ತದೆ ಎಂಬುದಕ್ಕೇ ಒಂದು ಭಾಗವನ್ನು ಮೀಸಲಿಟ್ಟರು. ದಿಗಂತದ ಬಳಿ ಚಂದ್ರ ದೊಡ್ಡದಾಗಿ ಕಾಣುವುದು ನಮ್ಮ ಗ್ರಹಿಕೆಯ ತಪ್ಪು ಎಂಬುದನ್ನು ಅವರು ವಿವರಿಸಿದ್ದರು.

ಇಷ್ಟೆಲ್ಲ ಹೇಳಿಕೊಂಡು ಬೀಗುವ ಸ್ಥಿತಿಯಲ್ಲಿ ನಾವಿಲ್ಲ ಎಂಬುದನ್ನೂ ಹೇಳಬೇಕು. ಚಂದ್ರನ ಮೇಲಿನ ಒಂದು ಕಂದಕದ ಚಿತ್ರ ನಮ್ಮವರ ಮೊಬೈಲುಗಳಲ್ಲಿ ವರ್ಷಗಳಿಂದ ಓಡಾಡುತ್ತಿದೆ. ಚಂದ್ರ ಇಬ್ಭಾಗವಾದುದಕ್ಕೆ ನಾಸಾ ಕೊಟ್ಟ ಪುರಾವೆ ಎಂಬುದು ಅದರ ಒಕ್ಕಣೆ. ಆ ಚಿತ್ರ 1969ರಲ್ಲಿ ಅಪೊಲೊ 10 ನೌಕೆಯಿಂದ ತೆಗೆದದ್ದು. ಅದರಲ್ಲಿರುವುದು ಅರಿಯಾಡೇಯಸ್ ಎಂಬ ಕಂದಕ. ಉದ್ದ ಸುಮಾರು 300 ಕಿಲೋಮೀಟರ್. ಚಂದ್ರನನ್ನು ಸುತ್ತುವರಿದ ಬಿರುಕು ಅದಲ್ಲ, ನಾಸಾ ಹಾಗೆ ಹೇಳಿಯೂ ಇಲ್ಲ. ಸತ್ಯವಿಶ್ವಾಸಿಯ ಈಮಾನ್ ಇಂಥ ಚಿತ್ರದ ಊರುಗೋಲಿನ ಮೇಲೆ ನಿಂತಿಲ್ಲ. ಹೀಗಿರುವಾಗ ವಿಚಾರಿಸದೆ ಅದನ್ನು ಹಂಚುವುದು ಧರ್ಮಸೇವೆ ಹೇಗಾಗುತ್ತದೆ?

ಈ ವಿಷಯದಲ್ಲಿ ಪ್ರವಾದಿ(ಸ)ಯವರ ಮಾದರಿ ಸ್ಪಷ್ಟವಾಗಿದೆ. ಅವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಖಗೋಳ ಲೆಕ್ಕದ ಪ್ರಕಾರ 632ರ ಜನವರಿ 27ರಂದು ಅಲ್ಲಿ ಗ್ರಹಣ ಕಂಡಿತ್ತು. ಮಗುವಿನ ಸಾವಿಗೆ ಸೂರ್ಯನೇ ಕಪ್ಪಾದನೆಂದು ಜನ ಮಾತಾಡಿಕೊಂಡರು. ಪ್ರವಾದಿತ್ವವನ್ನು ಮೆರೆಸಲು ಇದಕ್ಕಿಂತ ಸುಲಭದ ಸಂದರ್ಭ ಬೇರೊಂದಿರಲಿಲ್ಲ. ಅವರು ಸುಮ್ಮನಿದ್ದಿದ್ದರೂ ಸಾಕಿತ್ತು. ಆದರೆ ಪುತ್ರಶೋಕದ ನಡುವೆಯೂ ಅವರು ಜನರನ್ನು ತಿದ್ದಿದರು. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರದೇ ಹುಟ್ಟುಸಾವಿಗಾಗಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿ ನಮಾಝ್‌ಗೆ ನಿಂತರು. ತಮ್ಮ ಪರವಾಗಿದ್ದ ವದಂತಿಯನ್ನೇ ಅವರು ಉಳಿಯಗೊಡಲಿಲ್ಲ.

ವದಂತಿಯನ್ನು ತಡೆಯುವ ಆತುರದಲ್ಲಿ ಅರೆಬೆಂದ ವಿವರಣೆಯನ್ನು ಹೇರುವುದೂ ತಪ್ಪೇ. ಅಮೆರಿಕದ ವಾಯುಪಡೆಯು 1947ರಿಂದ 1969ರವರೆಗೆ ಇಂಥ 12,618 ವರದಿಗಳನ್ನು ಪರಿಶೀಲಿಸಿತು. ಅದಕ್ಕೆ ಸಲಹೆಗಾರರಾಗಿದ್ದವರು ಖಗೋಳತಜ್ಞ ಅಲೆನ್ ಹೈನೆಕ್. 1966ರಲ್ಲಿ ಮಿಷಿಗನ್ ರಾಜ್ಯದಲ್ಲಿ ಬಹಳ ಮಂದಿ ಬೆಳಕುಗಳನ್ನು ಕಂಡಾಗ ಅವರು, ಇದು ಜೌಗಿನ ಅನಿಲ ಉರಿದದ್ದಿರಬಹುದು ಎಂದು ಪತ್ರಕರ್ತರಿಗೆ ಹೇಳಿದರು. ನೋಡಿದ ಜನ ಅದನ್ನು ಅವಮಾನವೆಂದು ತಿಳಿದರು. ವಿಜ್ಞಾನಿಗಳ ಮೇಲಿನ ನಂಬಿಕೆ ಹೆಚ್ಚುವ ಬದಲು ಕುಂದಿತು. ಮುಂದೆ ಹೈನೆಕ್ ಸ್ವತಃ ವಾಯುಪಡೆಯ ತನಿಖೆಯ ಕ್ರಮವನ್ನು ಟೀಕಿಸಿ ಪುಸ್ತಕ ಬರೆದರು. ಆ ತನಿಖೆಯ ಕೊನೆಯಲ್ಲಿ 701 ವರದಿಗಳು ಗುರುತು ಸಿಗದೆ ಉಳಿದವು. ಗುರುತು ಸಿಗದ್ದು ಎಂದರೆ ಅನ್ಯಗ್ರಹದ್ದು ಎಂದರ್ಥವಲ್ಲ. ನಮಗೆ ಸಿಕ್ಕ ಮಾಹಿತಿ ಸಾಲದು ಎಂದಷ್ಟೇ ಅರ್ಥ. 2023ರ ಸೆಪ್ಟೆಂಬರ್‌ನಲ್ಲಿ ನಾಸಾದ ಸ್ವತಂತ್ರ ಸಮಿತಿಯೂ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಅನ್ಯಗ್ರಹದ ಮೂಲಕ್ಕೆ ಪುರಾವೆಯಿಲ್ಲ, ಮೊದಲು ಬೇಕಾದದ್ದು ಒಳ್ಳೆಯ ಗುಣಮಟ್ಟದ ದಾಖಲೆ. ಗೊತ್ತಿಲ್ಲ ಎಂದು ಹೇಳಿ ಅಲ್ಲಿಗೇ ನಿಲ್ಲುವುದೂ ಪ್ರಾಮಾಣಿಕತೆಯೇ.

ಇಂದು ಆಕಾಶದಲ್ಲಿ ತಪ್ಪು ತಿಳಿಯಲು ಕಾರಣಗಳು ಹೆಚ್ಚಾಗಿವೆ. 2019ರ ಮೇ ತಿಂಗಳಿಂದ ಹಾರತೊಡಗಿದ ಸ್ಟಾರ್‌ಲಿಂಕ್ ಉಪಗ್ರಹಗಳು ಉಡಾವಣೆಯಾದ ಮೊದಲ ದಿನಗಳಲ್ಲಿ ದೀಪದ ಸಾಲಿನಂತೆ ಸಾಗುತ್ತವೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶಗಳ ಆಕಾಶದಲ್ಲಿ ಬೆಂಕಿಯ ಗೆರೆಗಳು ಹರಿದವು. ಹಲವರು ಉಲ್ಕಾಪಾತವೆಂದರು. ಚಂದ್ರಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆ ಬಿದ್ದಿತು. ಕಕ್ಷೆಯ ಲೆಕ್ಕ ಹಾಕಿದ ಖಗೋಳತಜ್ಞರು ಅದನ್ನು ಚೀನಾದ ರಾಕೆಟ್ಟಿನ ಅವಶೇಷವೆಂದು ಗುರುತಿಸಿದರು. ಲಡಾಖಿನಲ್ಲಿ ಚೀನಾದ್ದೆಂದುಕೊಂಡ ಬೆಳಕು ಗ್ರಹವಾಗಿತ್ತು. ಇಲ್ಲಿ ಆಕಾಶದ್ದೆಂದುಕೊಂಡ ಬೆಳಕು ನಿಜವಾಗಿಯೂ ಚೀನಾದ್ದಾಗಿತ್ತು. ನಮ್ಮ ಊಹೆ ಎರಡು ಕಡೆಯೂ ತಪ್ಪಬಹುದು. ಎರಡು ಕಡೆಯೂ ನಿಜವನ್ನು ತೋರಿಸಿದ್ದು ಸಮಯ, ದಿಕ್ಕು ಮತ್ತು ಲೆಕ್ಕ.

ಆಕಾಶದ ಬೆಳಕಿನ ಬಗ್ಗೆ ಇಷ್ಟೊಂದು ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. ಗುರುವನ್ನು ಡ್ರೋನ್ ಎಂದರೆ ಗುರುವಿಗೆ ನಷ್ಟವಿಲ್ಲ ನಿಜ. ಆದರೆ ಇದೇ ಅಭ್ಯಾಸ ನೆಲದ ಮೇಲೆ ಏನು ಮಾಡುತ್ತದೆ ಎಂಬುದನ್ನು ನಾವು ನೋಡಿದ್ದೇವೆ. ಲಡಾಖಿನಲ್ಲಿ ಸೈನಿಕರು ಬೆಳಕಿನ ಲೆಕ್ಕ ಬರೆಯುತ್ತಿದ್ದ ಅದೇ 2012ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಕೆಲವು ಸಂದೇಶಗಳು ಹರಿದಾಡಿದವು. ಅಸ್ಸಾಮಿನ ಹಿಂಸೆಗೆ ಪ್ರತೀಕಾರವಾಗಿ ಈಶಾನ್ಯ ರಾಜ್ಯಗಳ ಜನರ ಮೇಲೆ ಮುಸ್ಲಿಮರು ದಾಳಿ ಮಾಡಲಿದ್ದಾರೆ, ಈದ್‌ಗೆ ಮೊದಲೇ ಊರು ಬಿಡಿ ಎಂಬ ಸಂದೇಶಗಳು. ಸಾವಿರಾರು ಯುವಕ ಯುವತಿಯರು ಕೆಲಸ, ಓದು, ಬಾಕಿ ಸಂಬಳ ಎಲ್ಲ ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರಕಾರ ರಾಶಿ ರಾಶಿ ಎಸ್ಸೆಮ್ಮೆಸ್ ಕಳುಹಿಸುವುದನ್ನು 15 ದಿನ ನಿಷೇಧಿಸಿತು. ಸಂದೇಶಗಳು ಹೇಳಿದ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಆದರೆ ಒಂದು ಸಮುದಾಯ ಜೀವಭಯದಿಂದ ಓಡಿತು, ಮತ್ತೊಂದು ಸಮುದಾಯ ಮಾಡದ ತಪ್ಪಿಗೆ ಆರೋಪಿಯಾಯಿತು. ಓಡಿದವರಲ್ಲೂ ಯಾರೂ ಸುಳ್ಳುಗಾರರಲ್ಲ. ಸಂದೇಶ ಬಂದದ್ದು ನಿಜ, ಭಯವೂ ನಿಜ. ಸಂದೇಶ ಎಲ್ಲಿಂದ ಬಂತು, ಕಣ್ಣಾರೆ ನೋಡಿದವರು ಯಾರು ಎಂಬ ಪ್ರಶ್ನೆ ಮಾತ್ರ ರೈಲು ಹೊರಟ ಮೇಲೆ ಬಂತು.

ಸುದ್ದಿ ಬಂದಾಗ ಮೊದಲು ವಿಚಾರಿಸಿ, ಅರಿಯದೆ ಯಾರಿಗೂ ಹಾನಿ ಮಾಡದಿರಿ ಎಂಬುದು ಕುರ್‌ಆನಿನ ಹುಜುರಾತ್ ಅಧ್ಯಾಯದ ಬೋಧನೆಯ ಸಾರ. ಅತಿಯಾದ ಗುಮಾನಿಯಿಂದ ದೂರವಿರಬೇಕೆಂದೂ ಅದೇ ಅಧ್ಯಾಯ ಕಲಿಸುತ್ತದೆ. ಇದು ಮುಸ್ಲಿಮರಿಗೆ ಮಾತ್ರ ಬೇಕಾದ ಪಾಠವಲ್ಲ. ಪತ್ರಿಕೆಗಳಿಗೂ ಟಿವಿಯವರಿಗೂ ಮೊಬೈಲ್ ಹಿಡಿದ ಪ್ರತಿಯೊಬ್ಬರಿಗೂ ಬೇಕಾದದ್ದು. ವಿಚಿತ್ರ ಬೆಳಕಿನ ಸುದ್ದಿ ಕೈಗೆ ಬಂದಾಗ ಸಂಪಾದಕರು ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ, ಎಷ್ಟು ಹೊತ್ತು ಎಂದು ಕೇಳಿ, ಹತ್ತಿರದ ತಾರಾಲಯಕ್ಕೋ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಿಗೋ ಒಂದು ಫೋನ್ ಮಾಡಬಹುದು. ಅದಕ್ಕೆ ಹತ್ತು ನಿಮಿಷ ಸಾಕು. ಉತ್ತರ ಸಿಕ್ಕಾಗ ಪ್ರಶ್ನೆಗೆ ಕೊಟ್ಟಷ್ಟೇ ಜಾಗವನ್ನು ಉತ್ತರಕ್ಕೂ ಕೊಡಬೇಕು.

ನಾವು ಓದುಗರು ಮಾಡಬಹುದಾದದ್ದೂ ಇದೆ. ಮಗ್ರಿಬ್ ಕಳೆದು ಮಸೀದಿಯಿಂದ ಹೊರಬರುವಾಗ, ಹೊಲದಿಂದ ಮರಳುವಾಗ, ಮಕ್ಕಳನ್ನು ಜೊತೆಗೆ ನಿಲ್ಲಿಸಿಕೊಂಡು ಒಮ್ಮೆ ಮೇಲೆ ನೋಡೋಣ. ಇದು ಶುಕ್ರ, ಇದು ಗುರು, ಅದು ರೋಹಿಣಿ ಎಂದು ಗುರುತು ಹಿಡಿಯಲು ಕಲಿಸೋಣ. ಹೆಸರು ಗೊತ್ತಿದ್ದರೆ ಬೆಳಕು ಕಂಡು ಹೆದರಬೇಕಾಗುವುದಿಲ್ಲ. ಪಕ್ಕದ ಮನೆಯವರ ವಿಷಯದಲ್ಲೂ ಈ ಮಾತು ಅಷ್ಟೇ ನಿಜ.